ರದ್ದಾದ ರಸೀದಿ

ಬುಟ್ಟಿಗೆ ಇಪ್ಪತ್ತು ಶಿಲಿಂಗು, ಒಮೆನಾ ಮೀನಿನ ಸುಂಕ.
ವಿಕ್ಟೋರಿಯಾ ಸರೋವರದ ದಂಡೆಯಲ್ಲಿ ಹನ್ನೊಂದು ವರ್ಷ
ಹಳದಿ ಚೀಟಿ ಹರಿಹರಿದು ಕೊಟ್ಟವನು ನಾನು.

ಮಂಗಳವಾರ ಕಿಸುಮುವಿನ ಕೋರ್ಟು ಹೇಳಿತು:
ಇದು ಸುಂಕವಲ್ಲ, ಸುಲಿಗೆ.
ಸಭೆ ಕರೆದಿಲ್ಲ, ಡಂಗುರ ಸಾರಿಲ್ಲ,
ಇನ್ನು ಬಿಡಿಗಾಸೂ ಮುಟ್ಟುವಂತಿಲ್ಲ.

ಬುಧವಾರ ಗವರ್ನರ್ ಕಚೇರಿಯಿಂದ ಹೊಸ ಪುಸ್ತಕ ಬಂತು.
ಚೀಟಿ ನೀಲಿ. ಸುಂಕ ಇದ್ದಲ್ಲಿ ಸೇವಾಶುಲ್ಕ.
ಇಪ್ಪತ್ತು ಮಾತ್ರ ಅದೇ ಇಪ್ಪತ್ತು.

ಶುಕ್ರವಾರ ನೀಲಿಗೂ ತಡೆ.
ಖಜಾನೆ ಕೈಚೆಲ್ಲಿತು:
"ಸಂಬಳವೇ? ಹೋಗಿ ನ್ಯಾಯಾಧೀಶರನ್ನು ಕೇಳಿ."
ಮಲೇರಿಯಾ ಮಾತ್ರೆ ಮುಗಿದ ದಿನ
ದವಾಖಾನೆಯ ಬಾಗಿಲಿಗೂ ಅದೇ ಮಾತು ಅಂಟಿಸಿದರು.

ಅವಿನೊ ನಗುತ್ತಾಳೆ.
ಕೇಸು ಹಾಕಿದ ಒಂಬತ್ತು ಹೆಂಗಸರಲ್ಲಿ
ಎರಡನೆಯ ಹೆಬ್ಬೆಟ್ಟು ಅವಳದು.
"ಗೆದ್ದೆ ಕಣಯ್ಯ. ಗೆದ್ದು, ಮೊಮ್ಮಗನನ್ನು ಬೆನ್ನಿಗೆ ಕಟ್ಟಿ
ಆರು ಮೈಲಿ ನಡೆದೆ, ಮಾತ್ರೆಗೆ."
ಸುಂಕ ಕೊಡುತ್ತಿದ್ದಾಗ ಮಾತ್ರೆ ಸಿಗುತ್ತಿತ್ತೇ, ಕೇಳಿದೆ.
"ಆಗಲೂ ಇರಲಿಲ್ಲ.
ಯಾಕಿಲ್ಲ ಅಂತ ಬರೆದು ಅಂಟಿಸುವವರೂ ಇರಲಿಲ್ಲ."

ಮೂರು ತಿಂಗಳಾಯಿತು.
ಸಂಜೆ ಖಾಲಿ ಚೀಲ ಹಿಡಿದು ಅವಳೆದುರು ನಿಲ್ಲುತ್ತೇನೆ.
ಎರಡು ಬೊಗಸೆ ಒಮೆನಾ ಸುರಿದು,
ನನ್ನದೇ ನೀಲಿ ಪುಸ್ತಕ ಇಸಿದುಕೊಂಡು,
ಚೀಟಿ ಹರಿದು, ಅದರ ಬೆನ್ನ ಮೇಲೆ
ಇದ್ದಿಲಲ್ಲಿ ಒಂದು ಗೀಟು ಎಳೆದು
ಸೊಂಟದ ಬಟ್ಟೆಗೆ ಸಿಕ್ಕಿಸಿಕೊಳ್ಳುತ್ತಾಳೆ.
"ಇದಕ್ಕೆ ಮಾತ್ರ ತಡೆಯಾಜ್ಞೆ ತರಬೇಡ."

ಮೇಲ್ಮನವಿ ನೈರೋಬಿಯಲ್ಲಿದೆಯಂತೆ.
ಬಲೆಯ ಮೇಲೆ ಹರವಿದ ಮೀನು
ಇನ್ನೂ ಒಂದು ಬಿಸಿಲು ಒಣಗಬೇಕು.