ಮೂರೂವರೆ

ಪುಸ್ತಕ ಅನ್ನಬೇಡಿ, ಮಾಡ್ಯೂಲು.
ಎಪ್ಪತ್ತೆರಡು ಪುಟ, ಎರಡು ಪಿನ್ನು,
ನೀಲಿ ರಟ್ಟಿನ ಮೇಲೆ 'ಕಾಲೇಜಿನ ಮೂಲ ಗಣಿತ',
ಕೆಳಗೆ ನನ್ನ ಹೆಸರು, ಲಿಯೊನೀಲಾ ಆಬ್ರಿಗೊ,
ಅದಕ್ಕೂ ಕೆಳಗೆ: ಪ್ರಯೋಗದ ಪ್ರತಿ, ಮಾರಾಟಕ್ಕಲ್ಲ.
ಮಾರಿದರೂ ಯಾರು ಕೊಳ್ಳುತ್ತಿದ್ದರು ಬಿಡಿ.

ಚಂಡಮಾರುತಕ್ಕೆ ಕಾಲೇಜಿನ ತಗಡು ಹಾರಿದ ವರ್ಷ
ಮನಿಲಾದಿಂದ ಬಂದಿದ್ದ ಪಠ್ಯಗಳೆಲ್ಲ ನೆನೆದು ಉಬ್ಬಿ
ಪುಟಕ್ಕೆ ಪುಟ ಅಂಟಿ ಇಟ್ಟಿಗೆಯಾದವು.
ಒಂದನ್ನು ಈಗಲೂ ಬಾಗಿಲಿಗೆ ಒತ್ತಿಟ್ಟಿದ್ದೇವೆ.
ಅದರೊಳಗೆ ಎರಡು ರೈಲುಗಳಿದ್ದವು,
ಎದುರುಬದುರು ಹೊರಟು ಎಲ್ಲೋ ಸಂಧಿಸುವಂಥವು.
ಕತಾಂದುವಾನೆಸ್ ದ್ವೀಪದಲ್ಲಿ ರೈಲಿಲ್ಲ.
ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ್ದ:
"ಹಳಿ ಒಂದೇನಾ ಮೇಡಂ? ಹಾಗಾದರೆ ಜನ ಉಳಿದರಾ?"

ರೈಲು ತೆಗೆದೆ. ದೋಣಿ ಹಾಕಿದೆ,
ಟ್ರೈಸಿಕಲ್ಲಿನ ಬಾಡಿಗೆ, ಒಣಮೀನಿನ ಬುಟ್ಟಿ,
ಮತ್ತು ಅಬಾಕಾ ನಾರು, ಕಿಲೋಗೆ ಇಷ್ಟು ಪೆಸೊ,
ಒದ್ದೆ ಇದ್ದರೆ ಐದನೇ ಒಂದು ಭಾಗ ಕಡಿತ.
ಪರಿಶೀಲನೆಗೆ ಕಳಿಸಿದ ಐವರು ತಜ್ಞರಲ್ಲಿ ಒಬ್ಬರು
ಕೆಂಪು ಶಾಯಿಯಲ್ಲಿ ಬರೆದರು:
'ಅಬಾಕಾ ತೀರ ಸ್ಥಳೀಯ. ಸೇಬು ಸೂಕ್ತ.'

ಪಾಠಕ್ಕೆ ಮೊದಲು ಒಂದು ಪರೀಕ್ಷೆ.
ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ, ಅಂದರೆ
ನಲವತ್ತೆರಡರಲ್ಲಿ ಮೂವತ್ತೊಂದು ಜನ
'ಐದರಲ್ಲಿ ಎರಡು' ಎಂದು ಬರೆದಿದ್ದರು,
ಮೇಲಿನವರು ಮೇಲಿನವರ ಜೊತೆ,
ಕೆಳಗಿನವರು ಕೆಳಗಿನವರ ಜೊತೆ,
ನಮ್ಮೂರ ಮದುವೆಯೂಟದ ಹಾಗೆ.

ಆ ಮೂವತ್ತೊಂದರಲ್ಲಿ ರೋವೇನಾ ಒಬ್ಬಳು.
ಇಪ್ಪತ್ತೊಂಬತ್ತು ವಯಸ್ಸು, ಮಧ್ಯಾಹ್ನದವರೆಗೆ ನಾರು ಸುಲಿಯುವ ಕೆಲಸ.
ಮೂರನೇ ವಾರ ತಾನೇ ಎದ್ದು ನಿಂತಳು:
"ಐದರಲ್ಲಿ ಎರಡು ಅಂದರೆ ಅರ್ಧಕ್ಕೂ ಕಮ್ಮಿ.
ಅರ್ಧಕ್ಕೆ ಇನ್ನಷ್ಟು ಹಾಕಿದ ಮೇಲೆ ಕಮ್ಮಿಯಾಗೋದು
ವ್ಯಾಪಾರಿಯ ತಕ್ಕಡಿಯಲ್ಲಿ ಮಾತ್ರ, ಮೇಡಂ."
ತರಗತಿ ನಕ್ಕಿತು. ನಾನು
ಆ ಮಾತನ್ನು ಸೀಮೆಸುಣ್ಣದ ಡಬ್ಬಿಯ ಮೇಲೆ ಬರೆದುಕೊಂಡೆ,
ಆಮೇಲೆ ಡಬ್ಬಿಯನ್ನೇ ಕಳೆದೆ.

ಕೊನೆಗೆ ಮೌಲ್ಯಮಾಪನದ ಹಾಳೆ.
ಇಪ್ಪತ್ತು ವಾಕ್ಯ, ಎದುರಿಗೆ ಒಂದರಿಂದ ಐದು, ಸುತ್ತು ಹಾಕಿ.
ಹೆಸರು ಬೇಕಿದ್ದರೆ ಬರೆಯಿರಿ.
ಒಂದು ಹಾಳೆಯಲ್ಲಿ ಹೆಸರಿರಲಿಲ್ಲ,
ಅಂಚಿನಲ್ಲಿ ಅಬಾಕಾ ರಸದ ಕಂದು ಬೆರಳಚ್ಚಿತ್ತು.
'ಉದಾಹರಣೆಗಳು ನನ್ನ ಬದುಕಿಗೆ ಹತ್ತಿರವಾಗಿವೆ':
ಅಲ್ಲಿ ಮೂರಕ್ಕೂ ಸುತ್ತಿಲ್ಲ, ನಾಲ್ಕಕ್ಕೂ ಇಲ್ಲ,
ನಡುವೆ ಒಂದು ಗೀಟು, ಗೀಟಿನ ಮೇಲೆ
ಅಂಶ ಛೇದ ಎಲ್ಲ ಒಪ್ಪವಾಗಿ
ಮೂರೂವರೆ.

ಅಂಕಿಅಂಶದ ಯುಫೇಮಿಯೊ ಸಾರ್ ಒಳ್ಳೆಯವರು,
ಅನ್ನದ ಡಬ್ಬಿ ಬಿಚ್ಚಿದರೆ ಅರ್ಧ ನನಗೆ.
ಹಾಳೆ ನೋಡಿ ತಲೆಯಾಡಿಸಿದರು: "ಅಮಾನ್ಯ. ಪೂರ್ಣಾಂಕ ಮಾತ್ರ."
ಭಿನ್ನರಾಶಿ ಕಲಿಸಲೆಂದೇ ಬರೆದದ್ದಲ್ಲವೇ ಸಾರ್, ಅಂದೆ,
ಕಲಿತವಳು ಭಿನ್ನರಾಶಿಯಲ್ಲೇ ಅಂಕ ಕೊಟ್ಟರೆ?
"ನನಗೆ ಅರ್ಥವಾಗುತ್ತದೆ. ಈ ಫಾರಮಿಗೆ ಆಗುವುದಿಲ್ಲ."

ಒಟ್ಟು ಉತ್ತರಿಸಿದವರು: ನಲವತ್ತೊಂದು.
ಸರಾಸರಿ ನಾಲ್ಕು ಚಿಲ್ಲರೆ, ಷರಾ: ಅತ್ಯುತ್ತಮ.
ಡೀನ್ ಕೈಕುಲುಕಿದರು. ಹೂಗುಚ್ಛವೂ ಇತ್ತು.
ಒಂದು ಹಾಳೆ ಮಾತ್ರ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ರಾತ್ರಿ ಅದನ್ನು ಮಗುಚಿದಾಗ ಕಂಡದ್ದು, ಸಲಹೆಯ ಜಾಗದಲ್ಲಿ,
ಬಿಕೋಲ್ ಭಾಷೆಯಲ್ಲಿ, ಪೆನ್ಸಿಲಿನಲ್ಲಿ:
'ಉಳಿದ ಅರ್ಧ ಯಾಕೆ ಹಿಡಿದೆ ಅಂದರೆ,
ನಿಮ್ಮ ಪುಸ್ತಕದಲ್ಲಿ ತಕ್ಕಡಿ ಯಾವಾಗಲೂ ಸರಿಯಾಗಿ ತೂಗುತ್ತದೆ.'

ಈಗ ಇಪ್ಪತ್ತಮೂರನೆಯ ಪುಟ ತಿದ್ದುತ್ತಿದ್ದೇನೆ.
ಒಬ್ಬಳು ಮನೆಯಲ್ಲಿ ತೂಗಿಕೊಂಡು ಹೋದಳು ಹನ್ನೆರಡು ಕಿಲೋ.
ವ್ಯಾಪಾರಿಯ ಮುಳ್ಳು ನಿಂತದ್ದು ಹತ್ತೂಕಾಲಕ್ಕೆ.
ನಾರು ಒಣಗಿಯೇ ಇತ್ತು.
ಪ್ರಶ್ನೆ ಇಷ್ಟು ಬರೆದಿದ್ದೇನೆ.
ಕೊನೆಯ ಪುಟದ ಉತ್ತರಗಳ ಪಟ್ಟಿಯಲ್ಲಿ
ಇದರ ಎದುರಿಗೆ ಏನು ಅಚ್ಚು ಹಾಕಿಸಲಿ ಎಂದು
ಪ್ರೆಸ್ಸಿನ ಹುಡುಗ ಎರಡು ಸಲ ಬಂದು ಕೇಳಿ ಹೋದ.