ಇಲಿಬೋನು

ಕುಂಬಾರಪೇಟೆಯ ಓಣಿ, ತಗಡಿನ ಅಂಗಡಿಯ ಮೆಟ್ಟಿಲು.
ಅಪ್ಪ ಅಲ್ಲಿ ಕೂತು ಬೋನು ಮಾಡುತ್ತಿದ್ದ:
ಡಾಲ್ಡಾ ಡಬ್ಬಿ ಬಿಚ್ಚಿದ ತಗಡು, ಸೈಕಲ್ಲಿನ ಕಡ್ಡಿ,
ಒಂದು ಸ್ಪ್ರಿಂಗು.
ನನ್ನ ಬೆರಳು ಸಿಕ್ಕಿಹಾಕಿಕೊಂಡದ್ದು ಎರಡು ಸಲ.
ಮೂರನೆಯ ಸಲಕ್ಕೆ ಕಲಿತೆ,
ಬಾಗಿಲಿನ ಸಿಟ್ಟೆಲ್ಲ ಇರುವುದು ಸ್ಪ್ರಿಂಗಿನಲ್ಲಿ,
ಸ್ಪ್ರಿಂಗಿನ ತಾಳ್ಮೆಯೆಲ್ಲ ಒಂದು ಕೊಕ್ಕೆಯಲ್ಲಿ.

ಮೂವತ್ತು ವರ್ಷದ ಮೇಲೆ
ಯಶವಂತಪುರದ ಕಡೆ, ಪ್ರಯೋಗಾಲಯದ ನೆಲಮಾಳಿಗೆ,
ಗಾಜಿನ ಕೆಳಗೆ ತಲೆಕೆಳಗಾಗಿ ತೂಗುವ ಹನಿಯೊಳಗೆ
ಹರಳು ಕಟ್ಟಲೆಂದು ಕಾಯುತ್ತೇನೆ.
ಉಪ್ಪು ಒಂದು ಚೂರು ಹೆಚ್ಚಾದರೆ ಗಸಿ,
ಕಡಿಮೆಯಾದರೆ ಬರೀ ನೀರು.
ಕರೆಂಟು ಹೋದ ಒಂದು ರಾತ್ರಿ
ನಾಲ್ಕು ತಿಂಗಳ ಹರಳು ಕರಗಿಹೋಯಿತು.
ಜನರೇಟರಿನ ಕೃಷ್ಣೋಜಿ ಬಂದು, ಡೀಸೆಲ್ ಇರಲಿಲ್ಲ ಮೇಡಂ, ಅಂದ.
ಅಷ್ಟೇ.

ಆಮೇಲೊಂದು ನಿಂತಿತು, ಸಾಸಿವೆಯಲ್ಲಿ ಹತ್ತನೆಯ ಪಾಲು.
ಎಕ್ಸ್‌ರೇಗೆ ಮೈಯೊಡ್ಡಿ ಚುಕ್ಕಿಗಳನ್ನು ಉಗುಳಿತು.
ಚುಕ್ಕಿಯಿಂದ ಲೆಕ್ಕ, ಲೆಕ್ಕದಿಂದ ಪರದೆಯ ಮೇಲೆ ನೀಲಿ ಬಲೆ,
ಬಲೆಯೊಳಗೆ ಒಂದೊಂದೇ ಅಮೈನೋ ಆಮ್ಲವನ್ನು
ಕೂರಿಸುತ್ತಾ ಹೋದೆ, ಮದುವೆಮನೆಯ ಪಂಕ್ತಿಯ ಹಾಗೆ.
ಬೇರೆ ದೇಶದವರು ಮೊದಲೇ ಕಂಡದ್ದೇ;
ನನ್ನ ಕಣ್ಣಿಗೆ ಹೊಸದು.

ಟ್ರಾನ್ಸ್‌ಕಾರ್ಟಿನ್.
ಪಿತ್ತಜನಕಾಂಗದಲ್ಲಿ ಹುಟ್ಟಿ ರಕ್ತದಲ್ಲಿ ಅಲೆಯುವ ಕೂಲಿ.
ಪಕ್ಕೆಯ ಗೂಡಿನಲ್ಲಿ ಹೊರುವುದು ಒಂದೇ ಒಂದು ಕಾರ್ಟಿಸಾಲ್,
ನಾಲ್ಕು ಉಂಗುರ ಒತ್ತೊತ್ತಾಗಿ ಬೆಸೆದದ್ದು,
ನೀರಿಗೆ ಒಗ್ಗದ್ದು, ಒಂಟಿಯಾಗಿ ದೂರ ಹೋಗಲಾರದ್ದು.
ಟ್ರಿಪ್ಟೊಫ್ಯಾನಿನ ಚಪ್ಪಟೆ ಅಂಗೈ ಅದರ ಬೆನ್ನಿಗೆ.
ಸುರುಳಿ, ಸುರುಳಿ, ಹಾಸು, ಮತ್ತೆ ಸುರುಳಿ,
ಮೇಲೆ, ಎಲ್ಲದರ ಹೊರಗೆ
ಚಾಚಿಕೊಂಡ ಒಂದು ಕುಣಿಕೆ.

ಅದನ್ನು ಕಂಡು ನನ್ನ ಬೆರಳು ತಾನಾಗಿ ಹಿಂದೆಗೆಯಿತು.

ಇದರ ವಂಶವೇ ಬೋನಿನ ವಂಶ.
ದಾಯಾದಿಗಳು ಹೆಚ್ಚಿನವರು ಕಿಣ್ವ ಹಿಡಿಯುವವರು;
ಕುಣಿಕೆ ಕಚ್ಚಿದರೆ ಸಾಕು, ಫಟ್,
ಕುಣಿಕೆ ಹಾಸಿನೊಳಗೆ ನುಗ್ಗಿ ಮತ್ತೊಂದು ಎಳೆಯಾಗಿ ಕೂರುತ್ತದೆ,
ಕಚ್ಚಿದ್ದು ಅಲ್ಲೇ ಹೆಣ.
ಇದೊಂದು ಕಸುಬು ಮರೆತ ಮಗ.
ಅದೇ ಸ್ಪ್ರಿಂಗು, ಅದೇ ಕೊಕ್ಕೆ.
ಹುಣ್ಣಾದ, ಕೀವಾದ ಜಾಗಕ್ಕೆ ಬಂದಾಗ
ಬಿಳಿರಕ್ತಕಣದ ಕಿಣ್ವವೊಂದು ಕುಣಿಕೆ ಕತ್ತರಿಸುತ್ತದೆ,
ಹಾಸು ಬಿರಿದು ಅದನ್ನು ನುಂಗುತ್ತದೆ,
ಆ ಜಗ್ಗಾಟಕ್ಕೆ ಪಕ್ಕೆಯ ಗೂಡು ಸಡಿಲಿ
ಹೊತ್ತದ್ದನ್ನು ಇಳಿಸಿಬಿಡುತ್ತದೆ.

ನೆನಪಾಯಿತು. ಚಿಕ್ಕಪೇಟೆಯ ಜವಳಿ ಅಂಗಡಿಯವರೊಬ್ಬರು
ವಾಪಸ್ಸು ತಂದು ಕುಕ್ಕಿದ ಬೋನು.
"ಏನ್ ಕಾಳಾಚಾರ್ರೇ, ಇಲಿ ಮುಟ್ಟಿದ್ರೆ ಬಾಗಿಲು ತೆರ್ಕೊಳ್ಳುತ್ತಲ್ರೀ!"
ಅಪ್ಪ ಆವತ್ತು ಸ್ಪ್ರಿಂಗು ತಿರುಗಾಮುರುಗಾ ಹಾಕಿದ್ದ.
ಬೈಸಿಕೊಂಡು, ಎಂಟು ರೂಪಾಯಿ ಹಿಂದಿರುಗಿಸಿ
ಅದನ್ನು ಅಟ್ಟಕ್ಕೆ ಎಸೆದ.
ಅಮ್ಮ ಅದರಲ್ಲಿ ಬೆಳ್ಳುಳ್ಳಿ ಇಡುತ್ತಿದ್ದಳು.

ಈಗ ವಿಕ್ಟೋರಿಯಾದ ವಾರ್ಡಿನಲ್ಲಿ
ಅಪ್ಪನಿಗೆ ನೂರ ಮೂರು.
ಕಾಲಿನ ಗಾಯ ಕೀವುಗಟ್ಟಿದೆ; ತಗಡು ಕೊಯ್ದದ್ದು, ಹೇಳಿರಲಿಲ್ಲ.
ಸಿಸ್ಟರ್ ಸಗಾಯಮೇರಿ ಕೊಟ್ಟ ಒದ್ದೆ ಬಟ್ಟೆ
ಬದಲಿಸುತ್ತಾ ಕೂತಿದ್ದೇನೆ.
ಜ್ವರಕ್ಕೂ ಅದರ ಹಿಡಿತ ಸಡಿಲುತ್ತದೆ, ಕತ್ತರಿ ಬೇಕಿಲ್ಲ,
ಎರಡು ಮೂರು ಡಿಗ್ರಿ ಸಾಕು.
ಈ ಸುಡುವ ಹಣೆಯ ಒಳಗೆ
ಕೋಟಿ ಕೋಟಿ ಬಾಗಿಲು ತೆರೆಯುತ್ತಿರಬೇಕು.
ಸಾಕಾಗುತ್ತದೋ ಇಲ್ಲವೋ.
ಡಾಕ್ಟರು ನಾಳೆ ನೋಡೋಣ ಅಂದಿದ್ದಾರೆ.

ಬೆಳಗಿನ ಜಾವ, ಮಾರ್ಕೆಟ್ಟಿನ ಹೂವಿನ ಲಾರಿಗಳ ಹಾರನ್ನಿಗೆ
ಕಣ್ಣು ಬಿಟ್ಟ. ಆ ನೆಲಮಾಳಿಗೇಲಿ ಏನ್ ಮಾಡ್ತೀಯೆ ನೀನು, ಅಂದ,
ಇಪ್ಪತ್ತು ವರ್ಷದಲ್ಲಿ ಮೊದಲ ಸಲ.
ಹೇಳಿದೆ. ಕುಣಿಕೆ, ಸ್ಪ್ರಿಂಗು, ಹಾಸು, ಗೂಡು.
ಬಹಳ ಹೊತ್ತು ಚಾವಣಿ ನೋಡಿದ.
ಒಣಗಿದ ತುಟಿ ನೆಕ್ಕಿಕೊಂಡು ಕೇಳಿದ:
"ಗಿರಾಕಿ ಯಾರೂ ವಾಪಸ್ ತರ್ಲಿಲ್ವಾ?"