ಬಂಗುಡೆ ಪೆಟ್ಟಿಗೆ

ಥರ್ಮಾಕೋಲು ಪೆಟ್ಟಿಗೆ ಯಾರು ತರ್ತೀರಿ ಎಂದರು ನಾಗವೇಣಿ ಮೇಡಂ.
ಎಲ್ಲರೂ ನನ್ನ ಕಡೆ ತಿರುಗಿದರು.
ಹಾಸನದ ಮೀನು ಮಾರ್ಕೆಟ್ಟಿನಲ್ಲಿ
ಅಬ್ಬನದು ಮೂರನೆಯ ಕಟ್ಟೆ.

ಮಂಗಳೂರಿಂದ ರಾತ್ರೋರಾತ್ರಿ ಘಾಟಿ ಹತ್ತಿ
ಬಂಗುಡೆ ಹೊತ್ತು ಬಂದ ಪೆಟ್ಟಿಗೆ.
ಮೂರು ಸಲ ಸೋಪು, ಎರಡು ಸಲ ನಿಂಬೆ;
ಆದರೂ ಮುಚ್ಚಳ ತೆಗೆದರೆ
ಸಮುದ್ರ ಒಂದು ಚಿಟಿಕೆ ಉಳಿದೇ ಇತ್ತು.

ಒಳಗೆ ಹಳೆಯ ಮೊಬೈಲು, ತಂತಿ, ಬ್ಯಾಟರಿ,
ಡಬ್ಬಿಯಲ್ಲಿ ಮೂವತ್ತು ರಾಗಿ ಕಾಳು,
ಇಂಪನಳ ಹಟಕ್ಕೆ ಆಲೂಗಡ್ಡೆಯ ಒಂದು ಕಣ್ಣು.
ಹೊರಗೆ, ಅಕ್ಷರ ದುಂಡಗಿದೆಯೆಂದು ನನ್ನ ಕೈಲೇ ಬರೆಸಿದ್ದು:
ಇದು ಬಾಂಬ್ ಅಲ್ಲ. ಶಾಲೆಯ ಪ್ರಯೋಗ.
ಸಿಕ್ಕಿದವರು ದಯವಿಟ್ಟು ಫೋನ್ ಮಾಡಿ.

ಜನವರಿ. ಆರೂವರೆ. ಮೈದಾನಕ್ಕೆ ಹಾಸಿದ ಬೆಡ್‌ಶೀಟಿನ ಮೇಲೆ
ಹಾಲು ಕುಡಿದ ಕರುವಿನ ಹೊಟ್ಟೆಯಂತೆ
ಬಲೂನು ನಿಧಾನ ಉಬ್ಬಿತು.
ಬಿಳಿ ಗ್ಲೌಸು ಹಾಕಿದ ಆರು ಜನ
ಮದುವೆಮನೆಯಲ್ಲಿ ಬಡಿಸುವವರ ಹಾಗೆ ನಿಂತಿದ್ದೆವು.
ಗಂಟು ಹಾಕಿದ್ದು ಅಟೆಂಡರ್ ದ್ಯಾವಣ್ಣ,
ಹಗ್ಗದ ತುದಿ ಹಲ್ಲಲ್ಲಿ ಕಚ್ಚಿ:
"ಎಮ್ಮೆ ಕಟ್ಟೋ ಗಂಟು ಮೇಡಂ, ಬಿಚ್ಚಲ್ಲ."

ಬಿಟ್ಟೆವು.
ಕೂಗಬೇಕೆಂದಿದ್ದೆ; ಬಾಯಿ ಬರಲಿಲ್ಲ.
ಎಳೆತ ಹೋದ ಮೇಲೂ ಕೈ ಮೇಲೇ ಇತ್ತು.
ನೀರಿನ ಟ್ಯಾಂಕಿನ ಎತ್ತರ, ಹದ್ದಿನ ಎತ್ತರ,
ಆಮೇಲೆ ಅಳೆಯಲು ನಮ್ಮಲ್ಲಿ ಏನೂ ಉಳಿಯಲಿಲ್ಲ.
ತಿಮ್ಮೇಶ ಮಾತ್ರ "ಕಾಣ್ತಿದೆ, ಕಾಣ್ತಿದೆ" ಎನ್ನುತ್ತಲೇ ಇದ್ದ
ಎಂಟೂಕಾಲರವರೆಗೆ, ಬರೀ ನೀಲಿ ನೋಡುತ್ತ.

ಸಿಗ್ನಲ್ ಇಲ್ಲ. ತಿಂಡಿ ಯಾರಿಗೂ ಸೇರಲಿಲ್ಲ.
ಹತ್ತೂವರೆಗೆ ಫೋನು.
ನುಗ್ಗೇಹಳ್ಳಿ ಕಡೆ, ಹುರುಳಿ ಕೀಳುತ್ತಿದ್ದ ಹೆಂಗಸು:
"ಕೊಡೆ ಬಿಚ್ಕೊಂಡು ಇಳೀತು ಕಣವ್ವ ಮ್ಯಾಲಿಂದ.
ಬಾಂಬಲ್ಲ ಅಂತ ಬರ್ದೀರಿ, ಸರಿ.
ಮೀನಿನ ವಾಸ್ನೆ ಯಾಕೆ ಬತ್ತೈತೆ?"

ಚಿತ್ರದಲ್ಲಿ ಕಪ್ಪು ಆಕಾಶ, ಬಾಗಿದ ಅಂಚು.
ಅಬ್ಬನ ಕತ್ತಿಯ ಕೆಳಗೆ ಉದುರುವ ಹುರುಪೆಗಳಂತೆ
ಅಲ್ಲಲ್ಲಿ ಕೆರೆ. ಯಾವುದು ನಮ್ಮದೆಂದು ಜಗಳ.

ಆಲೂಗಡ್ಡೆಯ ಕಣ್ಣು ಕಪ್ಪಾಗಿತ್ತು, ಒತ್ತಿದರೆ ನೀರು.
ಇಂಪನ ಅದನ್ನೂ ಮಣ್ಣಿಗಿಟ್ಟಳು, ಸುಮ್ಮನೆ.
ರಾಗಿ ಹತ್ತೊಂಬತ್ತು ಮೊಳೆತವು;
ನೆಲದಲ್ಲೇ ಉಳಿದಿದ್ದ ಡಬ್ಬಿಯಲ್ಲೂ ಹತ್ತೊಂಬತ್ತೇ.
ಏನಂತ ಬರೆಯೋದು ಮೇಡಂ?
"ಆದದ್ದನ್ನು ಬರಿ."

ಅಬ್ಬ ಬೆರಳು ಒರೆಸಿಕೊಂಡು
ಫೋಟೋ ತುಂಬ ಹೊತ್ತು ಹಿಡಿದರು.
ಎಷ್ಟು ತಣ್ಣಗಿತ್ತು ಅಲ್ಲಿ?
ಮೈನಸ್ ಎಪ್ಪತ್ತೊಂದು, ಎಂದೆ.
"ಹಾಗಾದ್ರೆ ಐಸು ಬೇಕಿರಲಿಲ್ಲ."
ಪೆಟ್ಟಿಗೆಯ ಮೂಲೆಗಳನ್ನು ಅಮುಕಿ ನೋಡಿ
ನಾಳೆಯ ಲೋಡಿಗೆ ಎತ್ತಿಟ್ಟರು.

ಈಗ ಬಂಗುಡೆ ಕೊಳ್ಳಲು ಬಂದವರು ಓದುತ್ತಾರೆ,
ಐಸು ಕರಗಿ ಸ್ವಲ್ಪ ಹರಿದಿರುವ ನನ್ನ ಅಕ್ಷರ:
ಸಿಕ್ಕಿದವರು ದಯವಿಟ್ಟು ಫೋನ್ ಮಾಡಿ.